ಒಂಟಿ ರಾಣಿಯಿಂದ ತುಂಬಿದ ಗೂಡಿಗೆ: ಗೊದ್ದ ಇರುವೆ ಸಾಕುವ ಕ್ರಮ

ಮಳೆ ಬಿದ್ದ ಸಂಜೆ ದೀಪದ ಬುಡದಲ್ಲೋ ಗೋಡೆಯಂಚಿನಲ್ಲೋ ರೆಕ್ಕೆ ಕಳಚಿದ ದಪ್ಪ ಕಪ್ಪಿರುವೆಯೊಂದು ಒಂಟಿಯಾಗಿ ಅತ್ತಿಂದಿತ್ತ ಓಡಾಡುತ್ತಿದ್ದರೆ ಅದು ಬಹುಪಾಲು ಆಗಷ್ಟೇ ಮಿಲನದ ಹಾರಾಟ ಮುಗಿಸಿ ನೆಲಕ್ಕಿಳಿದ ರಾಣಿ. ಅಡಗಿ ಕೂರಲು ಒಂದು ಬಿರುಕು ಸಿಕ್ಕಿದರೆ ಸಾಕು, ಅಲ್ಲಿಂದ ಹೊರಬರದೆ, ಏನನ್ನೂ ತಿನ್ನದೆ, ಒಬ್ಬಂಟಿಯಾಗಿ ಮೊದಲ ಮಕ್ಕಳನ್ನು ಬೆಳೆಸುತ್ತದೆ. ಅಂಥ ರಾಣಿಯೊಂದನ್ನು ಗಾಜಿನ ನಳಿಗೆಯಲ್ಲಿಟ್ಟು ಗೂಡು ಬೆಳೆಸುವುದು ಹೇಗೆ ಎಂಬುದು ಈ ಬರಹದ ವಿಷಯ. ಕೈಯಲ್ಲಿ ಮಾಡಬೇಕಾದ ಕೆಲಸ ಕಡಿಮೆ. ಕೈ ಕಟ್ಟಿಕೊಂಡು ಕೂರುವುದು ಜಾಸ್ತಿ, ಕಷ್ಟವಿರುವುದೂ ಅಲ್ಲೇ.

ಯಾವ ಇರುವೆ, ಗುರುತಿಸುವುದು ಹೇಗೆ

ಗೊದ್ದ, ಕಟ್ಟಿರುವೆ ಎಂದೆಲ್ಲ ನಾವು ಕರೆಯುವ ದೊಡ್ಡ ಕಪ್ಪಿರುವೆಗಳು ಕ್ಯಾಂಪೊನೋಟಸ್ ಎಂಬ ಕುಲಕ್ಕೆ ಸೇರಿದವು. 1861ರಲ್ಲಿ ಆಸ್ಟ್ರಿಯಾದ ಕೀಟವಿಜ್ಞಾನಿ ಗುಸ್ತಾವ್ ಮಾಯರ್ ಈ ಕುಲಕ್ಕೆ ಹೆಸರಿಟ್ಟ. ಇದರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅಂಟಾರ್ಕ್ಟಿಕಾ ಬಿಟ್ಟರೆ ಎಲ್ಲ ಖಂಡಗಳಲ್ಲೂ ಸಿಗುತ್ತವೆ. ಎಲ್ಲವೂ ಕಪ್ಪಲ್ಲ: ಹಳದಿ, ಕೆಂಗಂದು, ಎರಡು ಬಣ್ಣದವು, ಹೊಟ್ಟೆಯ ಮೇಲೆ ಬಂಗಾರದ ರೋಮ ಹೊದ್ದವು ಕೂಡ ಇವೆ. ‘ಬಡಗಿ ಇರುವೆ’ ಎಂಬ ಇನ್ನೊಂದು ಹೆಸರು ಮರ ಕೊರೆಯುವ ಕೆಲವು ಜಾತಿಗಳಿಂದ ಇಡೀ ಕುಲಕ್ಕೆ ಅಂಟಿಕೊಂಡದ್ದು. ಅವೂ ಮರವನ್ನು ತಿನ್ನುವುದಿಲ್ಲ. ಕೊರೆದ ಪುಡಿಯನ್ನು ಹೊರಗೆ ತಂದು ಸುರಿಯುತ್ತವೆ. ಗೆದ್ದಲು ಹಿಡಿದ ಮರಕ್ಕೂ ಗೊದ್ದ ಹಿಡಿದ ಮರಕ್ಕೂ ವ್ಯತ್ಯಾಸ ತಿಳಿಯುವುದು ಇದರಿಂದಲೇ: ಗೊದ್ದದ ಸುರಂಗ ಮಣ್ಣಿಲ್ಲದೆ ನುಣ್ಣಗಿರುತ್ತದೆ, ಬುಡದಲ್ಲಿ ಮರದ ಪುಡಿ ರಾಶಿ ಬಿದ್ದಿರುತ್ತದೆ. ಎಷ್ಟೋ ಜಾತಿಗಳು ಮರದ ಗೊಡವೆಗೇ ಹೋಗದೆ ನೆಲದಲ್ಲಿ ಗೂಡು ತೋಡುತ್ತವೆ.

ಗುರುತಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಸೊಂಟದಲ್ಲಿ ಒಂದೇ ಗಂಟು ಇರಬೇಕು. ಕೆಲಸಗಾರ ಇರುವೆಯನ್ನು ಪಕ್ಕದಿಂದ ನೋಡಿದರೆ ಬೆನ್ನು ಬಿಲ್ಲಿನಂತೆ ಒಂದೇ ಬಾಗಿನಲ್ಲಿ ಇಳಿಯುತ್ತದೆ, ನಡುವೆ ತಗ್ಗು ಇರುವುದಿಲ್ಲ (ಕೆಲವು ಜಾತಿಗಳು ಇದಕ್ಕೆ ಹೊರತು). ಕುಡಿಮೀಸೆಯ ಬುಡ ಬಾಯಿಯ ಮೇಲಿನ ತಗಡಿಗೆ ತಾಗದೆ ಸ್ವಲ್ಪ ಮೇಲೆ ಹುಟ್ಟಿರುತ್ತದೆ. ಹೊಟ್ಟೆಯ ತುದಿಯಲ್ಲಿ ಕೊಂಡಿ ಇರುವುದಿಲ್ಲ. ಅದರ ಜಾಗದಲ್ಲಿ ಸುತ್ತ ರೋಮವಿರುವ ಪುಟ್ಟ ದುಂಡು ರಂಧ್ರ, ಫಾರ್ಮಿಕ್ ಆಮ್ಲ ಚಿಮ್ಮಿಸಲು. ಗೊದ್ದ ಕಚ್ಚಿದಾಗ ಉರಿಯುವುದು ಹೀಗೆ: ಮೊದಲು ದವಡೆಯಿಂದ ಚರ್ಮ ಸೀಳುತ್ತದೆ, ಆಮೇಲೆ ಹೊಟ್ಟೆ ಬಗ್ಗಿಸಿ ಗಾಯಕ್ಕೆ ಆಮ್ಲ ಬಿಡುತ್ತದೆ.

ಹಳೆಯ ಪುಸ್ತಕ ಓದುವವರಿಗೆ ಒಂದು ಮಾತು. ಮೈ ಸಿಡಿಸಿಕೊಂಡು ಶತ್ರುವಿಗೆ ಅಂಟು ಮೆತ್ತುವ ಇರುವೆ, ತಲೆಯನ್ನೇ ಬಾಗಿಲಾಗಿಸಿ ಗೂಡಿನ ಬಾಯಿ ಮುಚ್ಚುವ ಇರುವೆ, ಹುಳ ಹಿಡಿಯುವ ಹೂಜಿಗಿಡದ ನೀರಿನೊಳಗೆ ಈಜುವ ಇರುವೆ, ಇವೆಲ್ಲ ಮೊದಲು ಕ್ಯಾಂಪೊನೋಟಸ್ ಎಂದೇ ಎಣಿಕೆಯಾಗುತ್ತಿದ್ದವು. 2016ರಲ್ಲಿ ಅವನ್ನು ಕೊಲೊಬಾಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಆಗ್ನೇಯ ಏಷ್ಯಾದ ದೈತ್ಯ ಗೊದ್ದ ಡೈನೋಮಿರ್ಮೆಕ್ಸ್ ಆಯಿತು. ನಿಮ್ಮಲ್ಲಿರುವ ಜಾತಿಯ ಮಾಹಿತಿ ಹುಡುಕುವಾಗ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ನೋಡಿ.

ರಾಣಿಯನ್ನು ಆರಿಸುವುದು

ಹೊಸಬರು ತಪ್ಪುವುದು ದೊಡ್ಡ ಕೆಲಸಗಾರ ಇರುವೆಯನ್ನು ರಾಣಿ ಎಂದು ಹಿಡಿದು ತರುವುದರಲ್ಲಿ. ‘ಮೇಜರ್’ ಎನ್ನುವ ಈ ದೊಡ್ಡತಲೆಯವು ರಾಣಿಯಷ್ಟೇ ಉದ್ದ ಕಾಣಬಹುದು. ತಲೆ ನೋಡಿ ಮೋಸಹೋಗಬೇಡಿ, ಎದೆ ನೋಡಿ. ಮೇಜರ್‌ನ ತಲೆ ಅಗಲ, ಎದೆ ಸಣ್ಣ. ರಾಣಿಗೆ ಹಾರುವ ಸ್ನಾಯು ಹಿಡಿಸಬೇಕಾದ್ದರಿಂದ ಎದೆ ತಲೆಯಷ್ಟೇ ದಪ್ಪ, ಮೇಲೆ ತಗಡು ಜೋಡಿಸಿದಂಥ ಗೆರೆಗಳು, ಎರಡೂ ಬದಿಗೆ ರೆಕ್ಕೆ ಮುರಿದ ಚಿಕ್ಕ ಗುರುತು. ಗಂಡು ಇನ್ನೂ ಸುಲಭ: ಪುಟಾಣಿ ತಲೆ, ತೆಳ್ಳನೆ ಮೈ, ರೆಕ್ಕೆ ಕಳಚುವುದಿಲ್ಲ, ಕೆಲವೇ ದಿನ ಬದುಕುತ್ತದೆ.

ರೆಕ್ಕೆ ಬಿದ್ದಿದೆ ಎಂದ ಮಾತ್ರಕ್ಕೆ ಮಿಲನವಾಗಿದೆ ಎನ್ನಲಾಗದು. ಗಾಬರಿಯಲ್ಲೂ ರೆಕ್ಕೆ ಉದುರಿಸುತ್ತವೆ. ರೆಕ್ಕೆ ಇನ್ನೂ ಇದೆ ಎಂದರೆ ಮಿಲನವಾಗಿಲ್ಲ ಎಂದೂ ಅರ್ಥವಲ್ಲ. ನಳಿಗೆಯಲ್ಲಿಟ್ಟು ಕಾದು ನೋಡುವುದೊಂದೇ ದಾರಿ.

ಇರುವ ಗೂಡನ್ನು ಅಗೆದು ರಾಣಿಯನ್ನು ತೆಗೆಯುವ ಯೋಚನೆ ಬೇಡವೇ ಬೇಡ. ಬಹುತೇಕ ಗೂಡುಗಳಲ್ಲಿ ಇರುವುದು ಒಂದೇ ರಾಣಿ, ಅದು ಆಳದಲ್ಲಿರುತ್ತದೆ, ಅಗೆಯುವಷ್ಟರಲ್ಲಿ ಸಾಮಾನ್ಯವಾಗಿ ಜಜ್ಜಿಹೋಗುತ್ತದೆ. ಸಿಕ್ಕಿದರೂ ಹಿಂದೆ ಉಳಿದ ಸಾವಿರಾರು ಇರುವೆಗಳ ಗೂಡು ತಾಯಿಯಿಲ್ಲದೆ ಅಳಿಯುತ್ತದೆ. ಹೊರದೇಶದ ಜಾತಿ ತರಿಸುವುದೂ ಬೇಡ. ತಪ್ಪಿಸಿಕೊಂಡ ಅನ್ಯದೇಶದ ಇರುವೆ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ದೇಶಗಳಿಗೆ ನುಗ್ಗಿ ಅಲ್ಲಿನ ಸ್ಥಳೀಯ ಇರುವೆಗಳನ್ನು ಓಡಿಸಿದ ಬೆಂಕಿ ಇರುವೆ, ಅರ್ಜೆಂಟೀನಾ ಇರುವೆಗಳ ಉದಾಹರಣೆ ಸಾಕು.

ಹಿಡಿದ ರಾಣಿಯನ್ನು ಸಾಗಿಸುವ ಡಬ್ಬಿಗೆ ಗಾಳಿಯಾಡುವ ತೂತುಗಳಿರಲಿ. ಹೆದರಿದ ಗೊದ್ದ ಆಮ್ಲ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಆ ಹಬೆ ಅದನ್ನೇ ಕೊಲ್ಲುತ್ತದೆ. ಒಳಗೆ ತುಸು ಒದ್ದೆ ಮಾಡಿದ ಕಾಗದದ ಚೂರು ಹಾಕಿ, ಡಬ್ಬಿಯನ್ನು ಬಿಸಿಲಿಗೆ ಬಿಡಬೇಡಿ. ಒಂದು ಡಬ್ಬಿಗೆ ಒಂದೇ ರಾಣಿ.

ನಳಿಗೆ ಸಿದ್ಧಮಾಡುವುದು

ಬೇಕಾದ್ದು: ಪ್ರಯೋಗಾಲಯದ ಟೆಸ್ಟ್ ಟ್ಯೂಬ್ ಒಂದು, ಹತ್ತಿ, ಶುದ್ಧ ನೀರು, ಮುಚ್ಚಲು ಕಪ್ಪು ಕಾಗದ. ರಾಣಿ 12 ಮಿಲಿಮೀಟರಿಗಿಂತ ಚಿಕ್ಕದಾದರೆ 16 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ನಳಿಗೆ ಸರಿ. ಅದಕ್ಕಿಂತ ದೊಡ್ಡ ರಾಣಿಗೆ 20ರಿಂದ 25 ಮಿ.ಮೀ. ಅಗಲದ್ದು ಬೇಕು, ಇಲ್ಲದಿದ್ದರೆ ಮರಿಹುಳುಗಳು ಹೆಣೆಯುವ ಕೋಶಗಳನ್ನು ಜೋಡಿಸಿಡಲು ಜಾಗ ಸಾಲದು.

1. ನಳಿಗೆಯ ಮೂರನೇ ಒಂದು ಭಾಗ ನೀರು ತುಂಬಿ. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು.

2. ಹತ್ತಿಯನ್ನು ಬಿಗಿಯಾಗಿ ಉಂಡೆ ಮಾಡಿ, ಕಡ್ಡಿಯಿಂದ ನೀರಿಗೆ ತಾಗುವ ತನಕ ತಳ್ಳಿ. ಹತ್ತಿಯ ನೀರಿನ ಕಡೆಯ ಮುಖ ಪೂರ್ತಿ ನೆನೆಯಬೇಕು, ರಾಣಿಯ ಕಡೆಯ ಮುಖ ಕೇವಲ ಒದ್ದೆಯಾಗಿರಬೇಕು. ಸರಿಯಾಗಿದೆಯೇ ಎಂದು ನೋಡಲು ನಳಿಗೆಯನ್ನು ತಲೆಕೆಳಗು ಮಾಡಿ ಒಂದು ನಿಮಿಷ ಹಿಡಿಯಿರಿ. ಹನಿ ಬಿದ್ದರೆ ಹತ್ತಿ ಸಡಿಲ.

3. ಹತ್ತಿ ಮತ್ತು ನೀರಿನ ನಡುವೆ ದೊಡ್ಡ ಗಾಳಿಗುಳ್ಳೆ ಉಳಿಯದಂತೆ ನೋಡಿ. ಬಿಸಿಲೇರಿದಾಗ ಗುಳ್ಳೆ ಹಿಗ್ಗಿ ನೀರನ್ನು ಹತ್ತಿಯ ಆಚೆಗೆ ನೂಕುತ್ತದೆ. ರಾತ್ರೋರಾತ್ರಿ ಮೊಟ್ಟೆಗಳು ನೀರಲ್ಲಿ ತೇಲುವುದಕ್ಕೆ ಸಾಮಾನ್ಯ ಕಾರಣ ಇದೇ.

4. ಒಣ ಭಾಗದಲ್ಲಿ ಒಂದು ಚಿಟಿಕೆ ತೊಳೆದು ಒಣಗಿಸಿದ ಸಣ್ಣ ಮರಳು ಹಾಕಿ. ಇದರ ಉಪಯೋಗ ಮುಂದೆ ಬರುತ್ತದೆ.

5. ರಾಣಿಯನ್ನು ಒಳಗೆ ಬಿಟ್ಟು ಬಾಯಿಗೆ ಇನ್ನೊಂದು ಹತ್ತಿ ಉಂಡೆ ಇಡಿ. ಇದು ಬಿಗಿಯಾಗಬೇಕಿಲ್ಲ, ಗಾಳಿಯಾಡಬೇಕು. ಚಿಮ್ಮಟದಿಂದ ರಾಣಿಯನ್ನು ಹಿಡಿಯಬೇಡಿ. ನಳಿಗೆಯ ಬಾಯಿಯನ್ನು ಅದರ ಮುಂದಿಟ್ಟು ಡಬ್ಬಿಯ ಕಡೆ ಬೆಳಕು ಬೀಳುವಂತೆ ಮಾಡಿದರೆ ತಾನಾಗಿ ಕತ್ತಲಿಗೆ ನಡೆಯುತ್ತದೆ.

6. ಕಪ್ಪು ಕಾಗದ ಸುತ್ತಿ, ಅಡ್ಡಲಾಗಿ ಮಲಗಿಸಿ, ಅದುರದ ಜಾಗದಲ್ಲಿಡಿ. ಬಾಗಿಲು ಬಡಿಯುವ ಗೋಡೆ, ಫ್ರಿಜ್ಜಿನ ತಲೆ, ಸ್ಪೀಕರಿನ ಪಕ್ಕ ಬೇಡ. ಇರುವೆಗೆ ಗಾಳಿಯಲ್ಲಿ ಬರುವ ಸದ್ದು ಅಷ್ಟಾಗಿ ತಾಗದು, ಕಾಲಡಿಯ ಕಂಪನ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಉಷ್ಣಾಂಶ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚಿನ ಜಾತಿಗಳಿಗೆ ಹಿತ.

ಏನೂ ಮಾಡದಿರುವ ವಾರಗಳು

ಈ ಹಂತದಲ್ಲಿ ರಾಣಿಗೆ ಆಹಾರ ಬೇಡ. ಇನ್ನೆಂದೂ ಹಾರಬೇಕಿಲ್ಲವಾದ್ದರಿಂದ ಎದೆಯೊಳಗಿನ ರೆಕ್ಕೆಯ ಸ್ನಾಯುಗಳು ಕರಗಿ, ಹೊಟ್ಟೆಯಲ್ಲಿ ಕೂಡಿಟ್ಟ ಕೊಬ್ಬಿನ ಜೊತೆಗೂಡಿ ಮೊಟ್ಟೆಗೂ ಮರಿಗಳಿಗೆ ಕೊಡುವ ಗುಟುಕಿಗೂ ಬಂಡವಾಳವಾಗುತ್ತವೆ. ಪಾಪ ಎಂದು ಇಟ್ಟ ಜೇನಹನಿಯಲ್ಲಿ ಕಾಲು ಅಂಟಿಕೊಂಡೋ, ಅದು ಬೂಸಲು ಹಿಡಿದೋ ರಾಣಿಗೆ ತೊಂದರೆಯೇ ಹೆಚ್ಚು.

ಮೊದಲ ಮೊಟ್ಟೆಗಳು ಕೆಲವು ದಿನಗಳಿಂದ ಎರಡು ವಾರದೊಳಗೆ ಕಾಣುತ್ತವೆ. ಹತ್ತರ ಆಸುಪಾಸು ಉದ್ದುದ್ದ ಬಿಳಿ ಮೊಟ್ಟೆಗಳು, ಒಂದಕ್ಕೊಂದು ಅಂಟಿಕೊಂಡ ಗೊಂಚಲು. ಮೂರ್ನಾಲ್ಕು ವಾರಕ್ಕೆ ಮರಿಹುಳು. ಆಮೇಲೆ ರೇಷ್ಮೆಯ ಕೋಶ, ಬೂದು-ಹಳದಿ ಬಣ್ಣದ್ದು, ಅಕ್ಕಿಕಾಳಿನಂತೆ. ‘ಇರುವೆ ಮೊಟ್ಟೆ’ ಎಂದು ಜನ ತೋರಿಸುವುದು ಹೆಚ್ಚಾಗಿ ಇದನ್ನೇ. ಒಟ್ಟು ಆರರಿಂದ ಹತ್ತು ವಾರಕ್ಕೆ ಮೊದಲ ಕೆಲಸಗಾರ ಇರುವೆ ಹೊರಬರುತ್ತದೆ. ತಂಪಿದ್ದರೆ ಇನ್ನೂ ತಡ. ಚಳಿದೇಶದ ಕೆಲವು ಜಾತಿಗಳಲ್ಲಿ ಮೊದಲ ಮರಿಹುಳುಗಳು ಬೆಳವಣಿಗೆ ನಿಲ್ಲಿಸಿ ಚಳಿಗಾಲ ಕಳೆದು, ಮರುವರ್ಷ ಕೋಶ ಕಟ್ಟುತ್ತವೆ. ಅಂಥದ್ದನ್ನು ಸತ್ತಿದೆ ಎಂದು ಎಸೆಯಬೇಡಿ.

ಚಿಟಿಕೆ ಮರಳಿನ ಕೆಲಸ ಈಗ. ಬಲಿತ ಮರಿಹುಳು ನೂಲು ಎಳೆಯಲು ಸುತ್ತ ಆಸರೆ ಬೇಕು. ಗಾಜಿನ ನುಣುಪಿನಲ್ಲಿ ನೂಲಿಗೆ ಹಿಡಿತ ಸಿಗದು. ಮಣ್ಣು, ಕಸ ಏನಾದರೂ ಇದ್ದರೆ ರಾಣಿ ಅದನ್ನು ಹುಳುವಿನ ಮೇಲೆ ಒಂದೊಂದೇ ಕಣವಾಗಿ ಪೇರಿಸಿ ಹೂಳುತ್ತದೆ. ಹುಳು ಅದರೊಳಗೆ ಕೋಶ ಹೆಣೆದು ಮುಗಿಸಿದ ಮೇಲೆ ಮತ್ತೆ ಬಿಡಿಸಿ ಚೊಕ್ಕಟ ಮಾಡುತ್ತದೆ. ಆಸರೆ ಸಿಗದ ಹುಳು ಕೋಶವಿಲ್ಲದೆ ಬತ್ತಲೆಯಾಗಿ ರೂಪ ಬದಲಿಸಲು ಹೊರಡುತ್ತದೆ, ಕೆಲವು ಬದುಕುತ್ತವೆ, ಕೆಲವು ಇಲ್ಲ. ಕೋಶದ ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಗಾಬರಿ ಬೇಡ. ಹುಳುವಾಗಿದ್ದಷ್ಟು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡ ಕಶ್ಮಲವನ್ನು ಒಮ್ಮೆಲೇ ವಿಸರ್ಜಿಸಿದ ಗುರುತದು, ಬೆಳವಣಿಗೆ ಸರಿಯಾಗಿದೆ ಎಂದೇ ಅರ್ಥ. ಹೊರಬರುವ ಕಾಲಕ್ಕೆ ರಾಣಿಯೇ ಕೋಶವನ್ನು ಹರಿದು, ಮಸುಕು ಬಣ್ಣದ ಮೆತ್ತನೆ ಇರುವೆಯನ್ನು ಎಳೆದು ತೆಗೆಯುತ್ತದೆ. ನೀವು ಬಿಡಿಸಲು ಹೋಗಬೇಡಿ.

ವಾರಕ್ಕೊಮ್ಮೆ, ಅರ್ಧ ನಿಮಿಷ, ಕೆಂಪು ಹಾಳೆ ಕಟ್ಟಿದ ದೀಪದಲ್ಲಿ ನೋಡಿದರೆ ಸಾಕು. ಕೆಂಪು ಬೆಳಕು ಇರುವೆಗೆ ಅಷ್ಟಾಗಿ ಕಾಣುವುದಿಲ್ಲ. ದಿನಕ್ಕೆರಡು ಸಲ ಕಾಗದ ಸರಿಸಿ ನೋಡುವವರ ರಾಣಿ ಮೊಟ್ಟೆಗಳನ್ನು ತಿಂದುಬಿಡುತ್ತದೆ. ಅಪಾಯವಿದೆ ಎನಿಸಿದಾಗ ಮೊಟ್ಟೆಯಲ್ಲಿ ಹೂಡಿದ ಆಹಾರವನ್ನು ಹಿಂತೆಗೆದುಕೊಳ್ಳುವುದು ಅದರ ಲೆಕ್ಕಾಚಾರ. ಹಾಗಾದರೆ ಒಂದು ತಿಂಗಳು ಮುಟ್ಟದೆ ಬಿಡಿ, ಸಾಮಾನ್ಯವಾಗಿ ಮತ್ತೆ ಇಡುತ್ತದೆ.

ಹತ್ತಿಯ ಮೇಲೆ ಹಳದಿ ಅಥವಾ ಕಪ್ಪು ಬೂಸಲು ಬಂದರೆ ತಕ್ಷಣ ಏನೂ ಮಾಡಬೇಕಿಲ್ಲ, ರಾಣಿ ಅದರಿಂದ ದೂರ ಕೂರುತ್ತದೆ. ನೀರು ಮುಗಿಯುತ್ತಿದ್ದರೆ ಮಾತ್ರ ಹೊಸ ನಳಿಗೆಯನ್ನು ಬಾಯಿಗೆ ಬಾಯಿ ಸೇರಿಸಿ ಟೇಪು ಸುತ್ತಿ, ಹಳೆಯದರ ಮೇಲೆ ಬೆಳಕು, ಹೊಸದರ ಮೇಲೆ ಕತ್ತಲೆ ಮಾಡಿ. ಇನ್ನು, ಹುಟ್ಟಿದ್ದೆಲ್ಲ ರೆಕ್ಕೆಯ ಗಂಡುಗಳೇ ಆದರೆ ರಾಣಿಗೆ ಮಿಲನವಾಗಿಲ್ಲ. ಇರುವೆಗಳಲ್ಲಿ ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿಸದ ಮೊಟ್ಟೆ ಗಂಡಾಗುತ್ತದೆ. ಅದಕ್ಕೆ ಪರಿಹಾರವಿಲ್ಲ.

ಮೊದಲ ಊಟ

ಮೊದಲ ಸಂತತಿಯ ಇರುವೆಗಳು ಜಾತಿಯ ಸಾಮಾನ್ಯ ಅಳತೆಗಿಂತ ಕುಳ್ಳು, ಅಂಜುಬುರುಕ. ರಾಣಿಯ ಬಂಡವಾಳ ಇಷ್ಟೇ ಆದ್ದರಿಂದ ಕೆಲವು ದೊಡ್ಡ ಮಕ್ಕಳ ಬದಲು ಹಲವು ಚಿಕ್ಕವನ್ನು ಮಾಡಿದೆ. ಮೈ ಬಣ್ಣ ಗಟ್ಟಿಯಾಗಿ ಅವು ನಳಿಗೆಯಲ್ಲಿ ಓಡಾಡಲು ಶುರುಮಾಡಿದ ಮೇಲೆ, ಅಂದರೆ ಎರಡು ಮೂರು ದಿನ ಬಿಟ್ಟು, ಆಹಾರ ಕೊಡಿ.

ಸಿಹಿಗೆ: 100 ಮಿಲಿಲೀಟರ್ ನೀರಿಗೆ 25 ಗ್ರಾಂ ಸಕ್ಕರೆ. ಒಂದು ಹನಿಯನ್ನು ಹತ್ತಿಯ ಎಳೆಗೆ ಹೀರಿಸಿ ಅಲ್ಯೂಮಿನಿಯಂ ಹಾಳೆಯ ಚೂರಿನ ಮೇಲೆ ಇಡಿ, ವಾರಕ್ಕೆ ಎರಡು ಸಲ. ಬರಿಯ ಹನಿ ಇಟ್ಟರೆ ಕುಳ್ಳ ಇರುವೆಗಳು ಅದರಲ್ಲೇ ಮುಳುಗುವುದುಂಟು. ಗೊದ್ದಗಳಿಗೆ ಹೊರಗೆ ಮುಖ್ಯ ಆಹಾರವೇ ಗಿಡದ ಹೇನು, ಜಿಗಿಹುಳುಗಳು ಒಸರುವ ಸಿಹಿನೀರು. ಹಾಗಾಗಿ ಸಕ್ಕರೆಗೆ ಬೇಗ ಒಗ್ಗುತ್ತವೆ.

ಹುಳು ಬೆಳೆಯಲು ಪ್ರೋಟೀನು ಬೇಕು. ಹಣ್ಣಿನ ನೊಣ, ಮೀಲ್‌ವರ್ಮ್ ಎಂಬ ಜೀರುಂಡೆ ಮರಿಹುಳುವಿನ ಎರಡು ಮೂರು ಮಿ.ಮೀ. ತುಂಡು, ಚಿಕ್ಕ ಮಿಡತೆಯ ತೊಡೆ, ಯಾವುದಾದರೂ ಸರಿ. ಮೊದಲು ಎರಡು ದಿನ ಫ್ರೀಜರಿನಲ್ಲಿಟ್ಟು ಅಥವಾ ಅರ್ಧ ನಿಮಿಷ ಕುದಿನೀರಲ್ಲಿ ಅದ್ದಿ ಕೊಟ್ಟರೆ ನುಸಿಯ ಕಾಟ ತಪ್ಪುತ್ತದೆ. ಕೀಟನಾಶಕ ಹೊಡೆದ ತೋಟ, ಮನೆಗಳಲ್ಲಿ ಸತ್ತುಬಿದ್ದ ಹುಳ ಕೊಡಬೇಡಿ. ಇಟ್ಟದ್ದನ್ನು ಒಂದು ದಿನದ ನಂತರ ತೆಗೆದುಬಿಡಿ, ತಿಂದಿರಲಿ, ಬಿಟ್ಟಿರಲಿ.

ಹುಳ ಹಿಡಿಯುವುದೇ ಬೇಡ ಎನ್ನುವವರಿಗೆ 1970ರಲ್ಲಿ ಭಾಟ್ಕರ್ ಮತ್ತು ವಿಟ್‌ಕೂಂಬ್ ಎಂಬ ಸಂಶೋಧಕರು ಪ್ರಕಟಿಸಿದ ಕೃತಕ ಆಹಾರವಿದೆ, ಪ್ರಯೋಗಾಲಯಗಳಲ್ಲಿ ಈಗಲೂ ಬಳಕೆಯಲ್ಲಿದೆ. 5 ಗ್ರಾಂ ಅಗರ್ (ಕಡಲಕಳೆಯಿಂದ ಮಾಡಿದ, ಹೆಪ್ಪುಗಟ್ಟಿಸುವ ಪುಡಿ) ಅನ್ನು 250 ಮಿ.ಲೀ. ಕುದಿಯುವ ನೀರಿನಲ್ಲಿ ಕರಗಿಸಿ ಆರಲು ಬಿಡಿ. ಇನ್ನೊಂದು 250 ಮಿ.ಲೀ. ನೀರಿಗೆ ಒಂದು ಇಡೀ ಕೋಳಿಮೊಟ್ಟೆ, 62 ಮಿ.ಲೀ. ಜೇನು, 1 ಗ್ರಾಂ ವಿಟಮಿನ್-ಖನಿಜ ಪುಡಿ ಸೇರಿಸಿ ನುಣ್ಣಗೆ ಕಡೆಯಿರಿ. ಎರಡನ್ನೂ ಬೆರೆಸಿ ಚಪ್ಪಟೆ ತಟ್ಟೆಗೆ ಹೊಯ್ದು ಫ್ರಿಜ್ಜಿನಲ್ಲಿಟ್ಟರೆ ಹೆಪ್ಪುಗಟ್ಟುತ್ತದೆ. ಅಗರ್ ತೀರ ಬಿಸಿಯಿದ್ದಾಗ ಬೆರೆಸಿದರೆ ಮೊಟ್ಟೆ ಒಡೆದು ಗಂಟುಗಂಟಾಗುತ್ತದೆ. ತೀರ ಆರಿದರೆ ಅಗರ್ ಮೊದಲೇ ಹೆಪ್ಪಾಗುತ್ತದೆ. ಕೈಗೆ ತಾಳುವಷ್ಟು ಬಿಸಿ ಸರಿಯಾದ ಹದ. ಒಂದು ಸಲಕ್ಕೆ ಸಾಸಿವೆಕಾಳಿನಷ್ಟು ಸಾಕು.

ಒಂದು ಎಚ್ಚರಿಕೆ. ರೋಗ ಬರದಿರಲೆಂದು ಸಕ್ಕರೆನೀರಿಗೆ ಆ್ಯಂಟಿಬಯಾಟಿಕ್ ಬೆರೆಸುವವರಿದ್ದಾರೆ. ಗೊದ್ದಗಳಿಗೆ ಅದು ನೇರ ಪೆಟ್ಟು. ಇವುಗಳ ಕರುಳಿನ ಗೋಡೆಯ ಜೀವಕೋಶಗಳೊಳಗೆ ಬ್ಲಾಕ್‌ಮ್ಯಾನಿಯಾ ಎಂಬ ಬ್ಯಾಕ್ಟೀರಿಯಾ ನೆಲೆಸಿದೆ; ತಾಯಿಯ ಅಂಡಾಶಯದಿಂದಲೇ ಮಗುವಿಗೆ ಬರುತ್ತದೆ. ಸಿಹಿನೀರಿನಲ್ಲಿ ಸಿಗದ ಅವಶ್ಯ ಅಮೈನೋ ಆಮ್ಲಗಳನ್ನು ಇರುವೆಗೆ ತಯಾರಿಸಿಕೊಡುವುದು, ವ್ಯರ್ಥವಾಗುವ ಸಾರಜನಕವನ್ನು ಮತ್ತೆ ಬಳಕೆಗೆ ತರುವುದು ಅದರ ಕೆಲಸ. 2003ರಲ್ಲಿ ಇದರ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದಿದಾಗ ಕೇವಲ ಸುಮಾರು 7 ಲಕ್ಷ ಅಕ್ಷರಗಳಷ್ಟಿತ್ತು, ಹೊರಗೆ ಸ್ವತಂತ್ರವಾಗಿ ಬದುಕುವ ಶಕ್ತಿ ಕಳೆದುಕೊಂಡಿತ್ತು. ಔಷಧಿಯಿಂದ ಇದು ಸತ್ತರೆ ಮರಿಗಳು ಬೆಳೆಯುವುದು ಕುಂಠಿತವಾಗುತ್ತದೆ.

ಗೂಡು ಬದಲಿಸುವುದು, ಬೇಲಿ ಹಾಕುವುದು

ಇಪ್ಪತ್ತು ಇರುವೆಗಳಾಗುವ ತನಕ ನಳಿಗೆಯೇ ಮನೆ. ಅದನ್ನು ಚಿಕ್ಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು ಬಾಯಿಯ ಹತ್ತಿಗೆ 6 ಮಿ.ಮೀ. ದಾರಿ ಮಾಡಿದರೆ ಪೆಟ್ಟಿಗೆಯ ನೆಲವೇ ಅಂಗಳವಾಗುತ್ತದೆ. ಆಹಾರ ಅಲ್ಲಿಡಿ.

ದೊಡ್ಡ ಗೂಡಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ಸುಲಭ: ಎರಡು ಪಾಲು ಪುಡಿಗೆ ಒಂದು ಪಾಲು ನೀರು. ಕೋಣೆಗಳ ಆಕಾರದ ಜೇಡಿಮಣ್ಣನ್ನು ಗಾಜಿನ ಮೇಲೆ ಅಂಟಿಸಿ ಹೊಯ್ದು, ಗಟ್ಟಿಯಾದ ಮೇಲೆ ಮಣ್ಣು ಕೆರೆದು ತೆಗೆದು, ನಾಲ್ಕೈದು ದಿನ ಚೆನ್ನಾಗಿ ಒಣಗಿಸಿ. ಕೋಣೆಯ ಆಳ 10ರಿಂದ 12 ಮಿ.ಮೀ. ಇರಲಿ, ಮೇಜರ್‌ಗಳು ಬಂದಾಗ ತಲೆ ತಾಗಬಾರದು. ಮೃದು ಮರ, ಬಿರಡೆ, ಥರ್ಮೋಕೋಲಿನ ಗೂಡು ಗೊದ್ದಕ್ಕೆ ಬೇಡ, ಕೊರೆಯುವುದೇ ಕಸುಬಾದವಕ್ಕೆ ಅದು ಗೋಡೆಯೇ ಅಲ್ಲ. ಗಾಳಿಕಿಂಡಿಗೆ ನೈಲಾನ್ ಬಲೆಯನ್ನೂ ಕತ್ತರಿಸುತ್ತವೆ, ಅರ್ಧ ಮಿ.ಮೀ. ಕಣ್ಣಿನ ಸ್ಟೀಲ್ ಬಲೆ ಹಾಕಿ.

ತೇವ ಒಂದೇ ಬದಿಗೆ ಮಾತ್ರ ಇರಲಿ. ಗೂಡಿನ ಒಂದು ತುದಿಗೆ ವಾರಕ್ಕೊಮ್ಮೆ ನೀರು ಹನಿಸಿ, ಇನ್ನೊಂದು ತುದಿ ಒಣಗಿರಲಿ. ಇರುವೆಗಳು ಮೊಟ್ಟೆ, ಎಳೆಹುಳುಗಳನ್ನು ತೇವದ ಕೋಣೆಗೂ ಕೋಶಗಳನ್ನು ಒಣ ಬೆಚ್ಚನೆಯ ಕೋಣೆಗೂ ತಾವೇ ಬೇರ್ಪಡಿಸಿ ಇಡುತ್ತವೆ. ಎಲ್ಲವನ್ನೂ ಒಂದೇ ಮೂಲೆಗೆ ಒತ್ತಿ ಇಟ್ಟಿದ್ದರೆ ಉಳಿದ ಗೂಡು ಅವಕ್ಕೆ ಒಗ್ಗಿಲ್ಲ ಎಂದರ್ಥ, ನೀರು ಕೊಡುವುದನ್ನು ತಿದ್ದಿ. ಗೂಡು ಇರುವೆಗಳು ಕೂರುವ ಜಾಗದ ಮೂರರಷ್ಟು ದೊಡ್ಡದಿದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಖಾಲಿ ಕೋಣೆಗಳು ಕಸದ ತಿಪ್ಪೆಯಾಗಿ ಬೂಸಲು ಹಿಡಿಯುತ್ತವೆ.

ಸುರಿದು ಸಾಗಿಸಬೇಡಿ. ನಳಿಗೆಯನ್ನು ಹೊಸ ಗೂಡಿಗೆ ಜೋಡಿಸಿ, ನಳಿಗೆಗೆ ಸುತ್ತಿದ ಕಪ್ಪು ಕಾಗದ ತೆಗೆದು, ಗೂಡನ್ನು ಕತ್ತಲಾಗಿಸಿ ಬಿಡಿ. ಒಂದು ರಾತ್ರಿಯಲ್ಲಿ ಹೋಗಬಹುದು, ಮೂರು ವಾರವೂ ಆಗಬಹುದು.

ಅಂಗಳದ ಪೆಟ್ಟಿಗೆಯಿಂದ ತಪ್ಪಿಸಿಕೊಳ್ಳದಂತೆ ಟಾಲ್ಕ್ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸುಣ್ಣದ ನೀರಿನಷ್ಟು ತೆಳುವಾಗಿ ಕಲಸಿ, ಗೋಡೆಯ ಮೇಲಂಚಿಗೆ 4 ಸೆಂ.ಮೀ. ಪಟ್ಟಿ ಬಳಿಯಿರಿ. ಪೂರ್ತಿ ಒಣಗಿ ಆಲ್ಕೊಹಾಲಿನ ವಾಸನೆ ಹೋದ ಮೇಲೆಯೇ ಇರುವೆ ಬಿಡಬೇಕು. ಪುಡಿಯ ಕಣಗಳು ಕಾಲಿಗೆ ಅಂಟಿ ಕಳಚುವುದರಿಂದ ಹತ್ತಲಾಗದೆ ಜಾರುತ್ತವೆ. ಹವೆಯಲ್ಲಿ ತೇವ ಹೆಚ್ಚಿದರೆ ಪಟ್ಟಿ ಗಟ್ಟಿಯಾಗಿ ಹಿಡಿತ ಕೊಡಲು ಶುರುಮಾಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ವಾರ ವಾರವೂ ಬೆರಳಿನಿಂದ ಮುಟ್ಟಿ ನೋಡಿ. ಬೆರಳಿಗೆ ಪುಡಿ ಹತ್ತದಿದ್ದರೆ ತೊಳೆದು ಮತ್ತೆ ಬಳಿಯಿರಿ.

ಏನೇನು ನೋಡಬಹುದು

ಇಷ್ಟೆಲ್ಲ ಮಾಡುವುದು ಇದಕ್ಕಾಗಿ. ಆಹಾರ ಇಟ್ಟ ಮೇಲೆ ಒಂದೇ ಇರುವೆಯನ್ನು ಕಣ್ಣಲ್ಲಿ ಹಿಡಿದು ಹಿಂಬಾಲಿಸಿ. ಸಕ್ಕರೆನೀರು ಕುಡಿದು ಹೊಟ್ಟೆ ಉಬ್ಬಿ, ತಗಡುಗಳ ನಡುವಿನ ಬಿಳಿ ಚರ್ಮ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ನೀರಿಗೆ ಒಂದಿಷ್ಟು ನೀಲಿ ಆಹಾರಬಣ್ಣ ಹಾಕಿದ್ದರೆ ಪಟ್ಟೆಗಳೂ ನೀಲಿ. ಗೂಡೊಳಗೆ ಅದು ದವಡೆ ತೆರೆದು ಹನಿಯೊಂದನ್ನು ಹೊರದೂಡಿದಾಗ ಎದುರಿನದು ಕುಡಿಮೀಸೆಯಿಂದ ಅದರ ಮುಖ ತಟ್ಟುತ್ತ ಹೀರುತ್ತದೆ. ಹೀಗೆ ಗುಟುಕು ದಾಟಿ ದಾಟಿ, ಹೊರಗೇ ಬಾರದ ದಾದಿಗಳ ಹೊಟ್ಟೆಯೂ ಕೆಲವೇ ಗಂಟೆಗಳಲ್ಲಿ ನೀಲಿಯಾಗುತ್ತದೆ. ಈ ಗುಟುಕಿನಲ್ಲಿ ಆಹಾರವಷ್ಟೇ ಅಲ್ಲ, ಮರಿಗಳ ಬೆಳವಣಿಗೆಯನ್ನು ನಿಯಂತ್ರಿಸುವ ಹಾರ್ಮೋನೂ ಇರುವುದನ್ನು 2016ರಲ್ಲಿ ಫ್ಲಾರಿಡಾದ ಗೊದ್ದಗಳಲ್ಲಿ ಕಂಡುಕೊಂಡರು.

ಉಂಡಾದ ಮೇಲೆ ಇರುವೆ ಹೊಟ್ಟೆಯನ್ನು ಮುಂದಕ್ಕೆ ಮಡಚಿ ಅದರ ತುದಿಯನ್ನು ನೆಕ್ಕುತ್ತಿದ್ದರೆ ರೋಗವೆಂದು ತಿಳಿಯಬೇಡಿ. ತನ್ನದೇ ಫಾರ್ಮಿಕ್ ಆಮ್ಲವನ್ನು ನುಂಗಿ ಆಹಾರದಲ್ಲಿನ ಕೆಟ್ಟ ಬ್ಯಾಕ್ಟೀರಿಯಾ ಕೊಲ್ಲುವ ಕ್ರಮವಿದು, 2020ರಲ್ಲಿ ದೃಢಪಟ್ಟಿತು.

ಕಾಲು ಗಾಯವಾದ ಇರುವೆ ಕಂಡರೆ ಬೇರೆ ಕೆಲಸ ಬಿಟ್ಟು ನೋಡಿ. ಬೇರೆ ಬಹಳಷ್ಟು ಇರುವೆಗಳಿಗೆ ಎದೆಯ ಹಿಂಭಾಗದಲ್ಲಿ ನಂಜುನಿರೋಧಕ ಒಸರುವ ಗ್ರಂಥಿ ಇರುತ್ತದೆ. ಹೆಚ್ಚಿನ ಗೊದ್ದಗಳಿಗೆ ಅದಿಲ್ಲ. ಬದಲಿಗೆ ಫ್ಲಾರಿಡಾದ ಗೊದ್ದಗಳು ಶಸ್ತ್ರಚಿಕಿತ್ಸೆ ಮಾಡುತ್ತವೆ ಎಂದು 2024ರ ಅಧ್ಯಯನ ತೋರಿಸಿತು. ಗಾಯ ತೊಡೆಯಲ್ಲಿದ್ದರೆ ಜೊತೆಗಾರ ಇರುವೆ ಗಾಯವನ್ನು ನೆಕ್ಕಿ, ಕಾಲಿನ ಬುಡದ ತನಕ ಸರಿದು, ಕಚ್ಚಿ ಕಚ್ಚಿ ಕಾಲನ್ನೇ ಕಡಿಯುತ್ತದೆ. 40 ನಿಮಿಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಗಾಯಾಳು ಅಲ್ಲಾಡದೆ ಕಾಲು ಒಡ್ಡಿ ನಿಂತಿರುತ್ತದೆ. ಗಾಯ ತೊಡೆಗಿಂತ ಕೆಳಗಿದ್ದರೆ ಕಡಿಯುವುದಿಲ್ಲ, ನೆಕ್ಕಿ ಶುಚಿಮಾಡುತ್ತದೆ ಅಷ್ಟೆ. ತೊಡೆಯ ಸ್ನಾಯುಗಳು ಹರಿದಾಗ ಒಳಗಿನ ದ್ರವದ ಹರಿವು ನಿಧಾನವಾಗಿ ನಂಜು ಏರಲು ಸಮಯ ಹಿಡಿಯುತ್ತದೆ, ಕಡಿಯಲು ಬಿಡುವಿದೆ. ಕೆಳಗಾಲಿನಲ್ಲಿ ಸ್ನಾಯು ಕಡಿಮೆ, ನಂಜು ಬೇಗ ಏರುತ್ತದೆ, ಕಡಿದು ಮುಗಿಸುವಷ್ಟರಲ್ಲಿ ತಡವಾಗಿರುತ್ತದೆ. ತೊಡೆಗಾಯದವು ಹಾಗೇ ಬಿಟ್ಟರೆ ಬದುಕುವುದು ನೂರಕ್ಕೆ 40ಕ್ಕೂ ಕಡಿಮೆ. ಕಡಿದಾಗ 90ಕ್ಕೂ ಹೆಚ್ಚು. ಇದನ್ನು ನೋಡಲೆಂದು ನೀವೇ ಗಾಯ ಮಾಡಬೇಡಿ.

ಗೂಡನ್ನು ಬೆರಳಿನಿಂದ ತಟ್ಟಿದರೆ ಕೆಲವು ಜಾತಿಗಳು ಮೈಯನ್ನು ಹಿಂದೆ ಮುಂದೆ ತೂಗಿ ದವಡೆ, ಹೊಟ್ಟೆಗಳಿಂದ ನೆಲ ಬಡಿಯುತ್ತವೆ. ಗೂಡಿನ ಗೋಡೆಗಳಲ್ಲಿ ಹರಿಯುವ ಅಪಾಯದ ಡಂಗುರ ಅದು. ಹೊಸ ಆಹಾರ ಕಂಡ ಇರುವೆ ಗೆಳತಿಯರನ್ನು ಕರೆಯುವ ರೀತಿಯೂ ಜಾತಿಗೊಂದು: ಕ್ಯಾಂಪೊನೋಟಸ್ ಸೆರಿಸಿಯಸ್ ಒಂದನ್ನೇ ಬೆನ್ನಿಗೆ ಹಚ್ಚಿಕೊಂಡು ನಡೆಯುತ್ತದೆ, ಹಿಂದಿನದು ಮೀಸೆಯಿಂದ ಮುಂದಿನದರ ಹೊಟ್ಟೆ, ಹಿಂಗಾಲು ಮುಟ್ಟುತ್ತ ಬರುತ್ತದೆ. ಮುಟ್ಟುವುದು ನಿಂತರೆ ಮುಂದಿನದು ನಿಂತು ಕಾಯುತ್ತದೆ. ಕ್ಯಾಂಪೊನೋಟಸ್ ಸೋಷಿಯಸ್ ಒಂದು ಗುಂಪನ್ನೇ ಕರೆದೊಯ್ಯುತ್ತದೆ. ನಿಮ್ಮ ಗೂಡು ಯಾವ ರೀತಿಯದು ಎಂದು ತಿಳಿಯಲು ಅಂಗಳದ ದೂರದ ಮೂಲೆಯಲ್ಲಿ ಒಂದು ಹನಿ ಇಟ್ಟು, ಮೊದಲ ಇರುವೆ ಮರಳಿದ ಹತ್ತು ನಿಮಿಷದಲ್ಲಿ ಎಷ್ಟು ಇರುವೆ ಹೇಗೆ ಬಂದವು ಎಂದು ಬರೆದಿಡಿ. ಬಹಳಷ್ಟು ಜಾತಿಗಳು ರಾತ್ರಿ ಚುರುಕು, ಹಾಗಾಗಿ ಹಗಲಲ್ಲಿ ಏನೂ ಕಾಣದಿದ್ದರೆ ಸೂರ್ಯ ಮುಳುಗಿದ ಮೇಲೆ ನೋಡಿ.

ಮುಂದಿನ ವರ್ಷಗಳು

ಚಳಿದೇಶದ ಗೊದ್ದಗಳ ಗೂಡು ಮೊದಲ ವರ್ಷದ ಕೊನೆಗೆ ಹತ್ತು ಇಪ್ಪತ್ತು ಇರುವೆಗಳಷ್ಟೇ ಇರುತ್ತದೆ. ಬೆಚ್ಚನೆಯ ಪ್ರದೇಶದವು ಬೇಗ ಬೆಳೆಯುತ್ತವೆ. ಗೂಡು ಹಿಗ್ಗಿ ಆಹಾರ ಸಮೃದ್ಧವಾದ ಮೇಲೆ ಮೇಜರ್‌ಗಳು ಬರುತ್ತವೆ. ಅವು ಮುಂಚೆಯೇ ಬರಲೆಂದು ವಿಪರೀತ ತಿನ್ನಿಸುವುದರಿಂದ ಬೂಸಲು, ನುಸಿ ಬರುತ್ತವೆ, ಮೇಜರ್ ಬರುವುದಿಲ್ಲ. ಮೂರರಿಂದ ಆರು ವರ್ಷಕ್ಕೆ, ಸಾವಿರಗಟ್ಟಲೆ ಆದಾಗ, ರೆಕ್ಕೆಯ ರಾಣಿ-ಗಂಡುಗಳು ಹುಟ್ಟುತ್ತವೆ. ರಾಣಿ ಹತ್ತು ವರ್ಷ ಮೀರಿ ಬದುಕಬಲ್ಲದು. ಸಾಕಲು ಶುರುಮಾಡುವ ಮುನ್ನ ಇದನ್ನು ಯೋಚಿಸಿ.

ಉಷ್ಣವಲಯದ ಜಾತಿಗೆ ಚಳಿಗಾಲದ ವಿಶ್ರಾಂತಿ ಬೇಡ. ಚಳಿದೇಶದ್ದಾದರೆ ವರ್ಷಕ್ಕೆ ಮೂರು ತಿಂಗಳಾದರೂ 5ರಿಂದ 10 ಡಿಗ್ರಿಯಲ್ಲಿಡಬೇಕು, ಇಲ್ಲದಿದ್ದರೆ ರಾಣಿ ಮೊಟ್ಟೆ ಇಡುವುದು ನಿಲ್ಲಿಸಿ ಗೂಡು ಸೊರಗುತ್ತದೆ. ಎರಡು ವಾರ ತೆಗೆದುಕೊಂಡು ನಿಧಾನಕ್ಕೆ ತಂಪಿಗಿಳಿಸಿ. ಅದಕ್ಕೆ ಮೊದಲೇ ಪ್ರೋಟೀನು ನಿಲ್ಲಿಸಿ ಸಿಹಿ ಮಾತ್ರ ಕೊಡಿ. ತಂಪಿನಲ್ಲಿರುವಾಗ ನೀರು ಒಣಗದಂತೆ ತಿಂಗಳಿಗೆರಡು ಸಲ ನೋಡಿದರಾಯಿತು. ಹೊರತೆಗೆಯುವಾಗಲೂ ಅದೇ ನಿಧಾನ: ಮೊದಲ ದಿನ ನೀರು, ಓಡಾಡಲು ಶುರುಮಾಡಿದ ಮೇಲೆ ಸಕ್ಕರೆ, ವಾರ ಕಳೆದ ಮೇಲೆ ಹುಳದ ತುಂಡು.